ನಾರು ಸುತ್ತುವ ಹೊನ್ನಕ್ಕ

ಹೊನ್ನಕ್ಕ ಒಳ್ಳೆಯ ಹೆಂಗಸೇ ಎಂದು ಕೇಳಿದರೆ ಗಡಿಹಟ್ಟಿಯಲ್ಲಿ ಯಾರೂ ಥಟ್ಟನೆ ಹೂಂ ಎನ್ನುತ್ತಿರಲಿಲ್ಲ. ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ, ಎದುರಿಗೆ ಸಿಕ್ಕವರನ್ನು "ಉಂಡ್ರಾ" ಎಂದು ಕೇಳುವುದಕ್ಕೂ ಮನಸ್ಸಿಲ್ಲದ ಮುಖ. ಆದರೆ ಅವಳ ಕೈ ಹೇಗೆ ಎಂದು ಕೇಳಬೇಕಿತ್ತು! ಹಟ್ಟಿಗೆ ಹಟ್ಟಿಯೇ ಬಾಯಿ ಬಿಡುತ್ತಿತ್ತು. ಮನುಷ್ಯರ ಕಾಲಿನಿಂದ ನಾರು ತೆಗೆಯುವುದರಲ್ಲಿ ಮೊಳಕಾಲ್ಮೂರಿನಿಂದ ರಾಯದುರ್ಗದವರೆಗೆ ಅವಳನ್ನು ಮೀರಿಸುವವರು ಇರಲಿಲ್ಲ.

ನಾರು ಎಂದರೆ ಹೂ ಕಟ್ಟುವ ಬಾಳೆನಾರು ಅಂದುಕೊಂಡವರು ಪುಣ್ಯವಂತರು, ಸುಖವಾಗಿರಲಿ. ಇದು ಹುಳ. ದಾರದಷ್ಟು ಸಣ್ಣ, ಮೊಳಗಟ್ಟಲೆ ಉದ್ದ, ಬೆಳ್ಳಗೆ. ಬೇಸಿಗೆ ಕಾಲಿಟ್ಟಿತು ಎಂದರೆ ಯಾರದೋ ಕಾಲ್ಗಿಣ್ಣಿನ ಹತ್ತಿರ ಕೆಂಡ ಇಟ್ಟಂತೆ ಉರಿ, ಆಮೇಲೆ ಒಂದು ಬೊಬ್ಬೆ, ಬೊಬ್ಬೆ ಒಡೆದರೆ ಒಳಗಿನಿಂದ ಇಣುಕುವ ಬಿಳಿಯ ತುದಿ. ಸಿಟ್ಟಿನಿಂದ ಹಿಡಿದು ಎಳೆದರೋ, ಕಿತ್ತುಹೋಯಿತು. ಒಳಗೆ ಉಳಿದ ತುಂಡು ಕೊಳೆತು, ಕಾಲು ಬಾತು, ಕೀವು ತುಂಬಿ, ಆಳು ಕುಂಟನಾಗಿ ಉಳಿದರೆ ಅದೇ ಹೆಚ್ಚು. ಆದ್ದರಿಂದ ಅದನ್ನು ಎಳೆಯಬಾರದು, ಸುತ್ತಬೇಕು. ಸೀಳಿದ ಲಕ್ಕಿ ಗಿಡದ ಕಡ್ಡಿಗೆ ತುದಿ ಸಿಕ್ಕಿಸಿ ದಿನಕ್ಕೆ ಒಂದು ಬೆರಳಿನಷ್ಟು, ಎರಡು ಬೆರಳಿನಷ್ಟು, ಬಂದಷ್ಟೇ ಸುತ್ತಿ, ಕಡ್ಡಿಯನ್ನು ಕಾಲಿಗೇ ಕಟ್ಟಿ ಮೇಲೆ ಹರಳೆಲೆ ಹಾಕಿ ಮನೆಗೆ ಕಳಿಸಬೇಕು. ಹದಿನೈದು ದಿನ, ಇಪ್ಪತ್ತು ದಿನ. ಅಷ್ಟು ತಾಳ್ಮೆ ಇರುವ ಬೆರಳು ಊರಿಗೊಂದು ಸಿಕ್ಕುವುದೂ ಕಷ್ಟ.

ಹೊನ್ನಕ್ಕ ಹುಟ್ಟಿದ್ದು ಕೊಂಡ್ಲಹಳ್ಳಿಯಲ್ಲಿ. ಹದಿಮೂರಕ್ಕೆ ಯರ್ರಪ್ಪನನ್ನು ಮದುವೆಯಾಗಿ ಗಡಿಹಟ್ಟಿಗೆ ಬಂದಳು. ಬಂದ ವಾರದೊಳಗೆ ಅತ್ತೆ ಕೆಂಚಕ್ಕ ಸೊಸೆಯ ಬೆರಳುಗಳನ್ನು ಒಂದೊಂದಾಗಿ ಮಡಿಸಿ ನೋಡಿ, "ಆತು ಬಿಡು, ಇವಳಿಗೆ ಕಲಿಸಬೌದು" ಅಂದಳಂತೆ. ಕೆಂಚಕ್ಕ ಕಲಿಸಿದ್ದರಲ್ಲಿ ದೊಡ್ಡ ಗುಟ್ಟು ಎಂದರೆ ಹಾಲು ಬಿಡಿಸುವುದು. ಬೊಬ್ಬೆ ಒಡೆದವರನ್ನು ಬಾವಿಯ ಮೆಟ್ಟಿಲ ಮೇಲೆ ಕೂರಿಸಿ ಕಾಲನ್ನು ತಣ್ಣೀರಿನಲ್ಲಿ ಇಳಿಬಿಡಿಸಬೇಕು. ತಂಪು ತಾಗಿದ ಕೂಡಲೇ ಹುಣ್ಣಿನ ಬಾಯಿಂದ ಬೆಳ್ಳಗೆ ಹಾಲಿನಂಥದು ಹೊರಬಂದು ನೀರಿನಲ್ಲಿ ಕಲೆಯುತ್ತದೆ. ಹಾಲು ಬಿಟ್ಟ ನಾರು ಸಡಿಲವಾಗುತ್ತದೆ, ಉರಿ ಇಳಿಯುತ್ತದೆ, ಮೊಂಡುತನ ಮಾಡದೆ ಕಡ್ಡಿಗೆ ಬರುತ್ತದೆ. ಬೇರೆ ಊರಿನ ಹೆಂಗಸರು ಇದನ್ನು ಮಾಡುತ್ತಿರಲಿಲ್ಲ, ಅದಕ್ಕೇ ಅವರ ಕೈಯಲ್ಲಿ ನಾರು ಕಿತ್ತು ಹೋಗುತ್ತಿತ್ತು ಎಂದು ಕೆಂಚಕ್ಕ ಹೆಮ್ಮೆಯಿಂದ ಹೇಳುತ್ತಿದ್ದಳು. ಅತ್ತೆ ಸತ್ತ ಮೇಲೆ ಆ ಹೆಮ್ಮೆಯೂ ಸೊಸೆಯ ಪಾಲಿಗೆ ಬಂತು.

ಬಾವಿಯ ವಿಷಯ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಗಡಿಹಟ್ಟಿ ಮೈಸೂರು ಸೀಮೆಯ ಕೊನೆಯ ಹಟ್ಟಿ. ಕೂಗಳತೆಯಲ್ಲಿ ಬಂಡಪಲ್ಲಿ, ಅದು ಕಂಪನಿ ಸೀಮೆ. ಕಂಪನಿ ಹೋಗಿ ರಾಣಿ ಬಂದು, ರಾಣಿ ಹೋಗಿ ರಾಜ ಬಂದರೂ ಜನರ ಬಾಯಲ್ಲಿ ಅದು ಕಂಪನಿಯೇ. ಈಚೆ ಕನ್ನಡ, ಆಚೆ ತೆಲುಗು, ಬೈದಾಡುವುದಕ್ಕೆ ಎರಡೂ. ಎರಡು ಊರಿಗೂ ನಡುವೆ ಒಂದೇ ಮೆಟ್ಟಿಲು ಬಾವಿ. ಪಡುವಲ ಮೆಟ್ಟಿಲು ನಮ್ಮವರದು, ಮೂಡಲ ಮೆಟ್ಟಿಲು ಅವರದು. ಜನ ಮೊಣಕಾಲುದ್ದ ನೀರಿಗೆ ಇಳಿದು, ಕಾಲು ತೊಳೆದು, ಅಲ್ಲೇ ಬಗ್ಗಿ ಕೊಡ ತುಂಬಿಕೊಂಡು ಹತ್ತುತ್ತಿದ್ದರು. ಹೊಸ ಮದುಮಗಳು ಕೂಡ ಅಲ್ಲಿ ಪಾದ ಅದ್ದಿ ಗಂಗೆ ಪೂಜೆ ಮಾಡಿದ ಮೇಲೆಯೇ ಆ ಊರಿನವಳು.

ಹೊನ್ನಕ್ಕನಿಗೆ ಒಬ್ಬಳೇ ಮಗಳು, ಸೂರಮ್ಮ. ಮಾತಿನ ಮಲ್ಲಿ, ಅವ್ವನ ಪಾಲಿನ ಮಾತನ್ನೂ ಅವಳೇ ಆಡುತ್ತಿದ್ದಳು. ಹನ್ನೆರಡು ತುಂಬಿದ ಬೇಸಿಗೆಯಲ್ಲಿ ಸೂರಮ್ಮನ ಎಡಗಾಲಿನ ಗಿಣ್ಣಿನಲ್ಲಿ ನಾರು ಕಾಣಿಸಿತು. "ನಮ್ಮವ್ವನ ಕೈ ಐತೆ, ನಂಗೇನು" ಎಂದು ಹುಡುಗಿ ನಗುತ್ತಲೇ ಕಾಲು ಚಾಚಿದಳು. ಎಂಟು ದಿನ ಚೆನ್ನಾಗಿ ಬಂತು. ಒಂಬತ್ತನೆಯ ದಿನ ಕಡ್ಡಿ ತಿರುವುವಾಗ ಬೆರಳಿಗೆ ಒಂದು ಸಣ್ಣ ಹಗುರ ತಿಳಿಯಿತು, ಅಷ್ಟೇ. ನಾರು ಕಿತ್ತಿತ್ತು. ಇಪ್ಪತ್ತೆರಡು ದಿನಕ್ಕೆ ಸೂರಮ್ಮ ಹೋದಳು. ಕೊನೆಯ ವಾರ ಕಾಲು ತೊಡೆಯವರೆಗೂ ಕಪ್ಪಗಾಗಿತ್ತು.

ಅವತ್ತು ಹೊನ್ನಕ್ಕ ಅಳಲಿಲ್ಲ. ಆಮೇಲೂ ಅಳಲಿಲ್ಲ. ಊರಿನ ಹೆಂಗಸರು ಮೂರು ದಿನ ಸುತ್ತ ಕೂತು, ಅಳಲಿ ಎಂದು ತಾವೇ ಅತ್ತು, ಕೊನೆಗೆ ಬೇಸರಪಟ್ಟು ಎದ್ದು ಹೋದರು. ನೂರಾರು ಜನರ ನಾರು ತೆಗೆದ ಕೈ ಹೆತ್ತ ಮಗಳಲ್ಲಿ ತಪ್ಪಿತು ಎಂಬ ಒಂದೇ ಮಾತು ಅವಳೊಳಗೆ ಕೂತುಬಿಟ್ಟಿತು, ಬೇರೆ ಯಾವುದಕ್ಕೂ ಜಾಗ ಬಿಡಲಿಲ್ಲ. ಹನ್ನೊಂದನೆಯ ದಿನ ಬಂಡಪಲ್ಲಿಯಿಂದ ಯಾರೋ ಕುಂಟುತ್ತ ಬಂದರು. ಎದ್ದು ಹೋಗಿ ಅವರ ಕಾಲನ್ನು ಬಾವಿಗೆ ಅದ್ದಿದಳು. ಹೀಗೆ ಹತ್ತು ವರ್ಷ ನಡೆಯಿತು. ಕೈಗೆ ಏನೂ ಆಗಿರಲಿಲ್ಲ. ರಾಗಿ ಬೀಸುತ್ತಿತ್ತು, ಮುದ್ದೆ ತಿರುವುತ್ತಿತ್ತು, ನಾರು ಸುತ್ತುತ್ತಿತ್ತು. ಅವಳು ಮಾತ್ರ ಎಲ್ಲೋ ದೂರ ನಿಂತು ಅದನ್ನು ನೋಡುತ್ತಿದ್ದಳು.

ಸಾವಿರದ ಒಂಬೈನೂರ ಹದಿನಾಲ್ಕನೆಯ ಇಸವಿಯ ಬೇಸಿಗೆಗೆ ಮೂರು ಕಮಾನು ಗಾಡಿ ಬಂದು ಬಾವಿಯ ಹತ್ತಿರ ನಿಂತವು. ಒಂದರಲ್ಲಿ ಮೈಸೂರು ಸರ್ಕಾರದ ಆರೋಗ್ಯ ಇನ್ಸ್‌ಪೆಕ್ಟರು ಜಂಬುಲಿಂಗಪ್ಪ, ಇನ್ನೊಂದರಲ್ಲಿ ಬಳ್ಳಾರಿಯಿಂದ ಬಂದ ಕಂಪನಿ ಕಡೆಯ ಅಧಿಕಾರಿ, ಮೂರನೆಯದರಲ್ಲಿ ಕೆಂಪು ಮುಖದ ಒಬ್ಬ ಡಾಕ್ಟರು. ಅವನದು ಇಂಗ್ಲಿಷರ ದೇಶವೂ ಅಲ್ಲವಂತೆ, ಅದಕ್ಕೂ ಬಡಗಲು, ಕಡಲು ಕಲ್ಲಾಗುವ ದೇಶವಂತೆ! ನಾರಿನ ಮೇಲೆ ಓದಿದವನು ಎಂದು ಎರಡು ಸರ್ಕಾರದವರೂ ಸೇರಿ ಕರೆಸಿದ್ದರು. ಪ್ಲೇಗಿನ ಕಾಲದಲ್ಲಿ ಗಡಿಯ ಎರಡೂ ಕಡೆ ಚಪ್ಪರ ಹಾಕಿ ಜನರನ್ನು ತಡೆದು ತಡೆದು ಸಾಕಾದ ಮೇಲೆ ಈ ಸರ್ಕಾರಗಳಿಗೆ ಒಂದು ಬುದ್ಧಿ ಬಂದಿತ್ತು: ರೋಗ ಗಡಿಕಲ್ಲು ನೋಡಿ ನಿಲ್ಲುವುದಿಲ್ಲ. ಇಷ್ಟು ತಿಳಿಯುವುದಕ್ಕೆ ಎಷ್ಟು ಕಾಗದ ಬರೆದುಕೊಂಡರೋ, ಆ ಶಿವನಿಗೇ ಗೊತ್ತು.

ಜಂಬುಲಿಂಗಪ್ಪ ಗಡಿಹಟ್ಟಿಯ ಗೌಡ ಜಂಪಣ್ಣನನ್ನು ಕರೆಸಿ ವಿಷಯ ಹೇಳಿದ. ಬಾವಿಯ ಎರಡೂ ಕಡೆಯ ಮೆಟ್ಟಿಲು ಮುಚ್ಚಿ, ಸುತ್ತ ಎದೆಯೆತ್ತರ ಗೋಡೆ ಕಟ್ಟಿ, ರಾಟೆ ಹಾಕಿ, ಸೇದುವ ಬಾವಿ ಮಾಡಬೇಕು. ಒಂದು ಕಡೆ ಮುಚ್ಚಿ ಇನ್ನೊಂದು ಕಡೆ ಬಿಟ್ಟರೆ ಮಾಡಿದ್ದೆಲ್ಲ ದಂಡ. ಎರಡು ಊರೂ ಒಪ್ಪಿ ಹೆಬ್ಬೆಟ್ಟು ಒತ್ತಬೇಕು. ಇಲ್ಲಿ ಆದರೆ ಗಡಿಯುದ್ದಕ್ಕೂ ಇರುವ ನಲವತ್ತು ಚಿಲ್ಲರೆ ಬಾವಿಗಳನ್ನೂ ಹೀಗೇ ಮಾಡುತ್ತಾರೆ, ಇಲ್ಲಿ ಆಗದಿದ್ದರೆ ಗಾಡಿ ವಾಪಸು.

"ಬಂಡಪಲ್ಲಿಯೋರು ಒಪ್ಪಲ್ಲ ಸ್ವಾಮಿ" ಎಂದ ಜಂಪಣ್ಣ. "ಮೈಸೂರಿನೋರು ಬಾವಿ ಹೊಡ್ಕಳಾಕೆ ಹೂಡಿದ ಆಟ ಅಂತಾರೆ. ನಮ್ಮೋರು ಕಂಪನಿಯೋರ ಆಟ ಅಂತಾರೆ. ಎಲ್ರೂ ಕೇಳೋದು ಒಬ್ಬಳ ಮಾತು, ನಾರಿನ ಹೊನ್ನಕ್ಕಂದು."

ಹಾಗೆ ಹೊನ್ನಕ್ಕನಿಗೆ ಕರೆ ಹೋಯಿತು. ಡಾಕ್ಟರಿಗೆ ಮೊದಲು ಅವಳ ಕೆಲಸ ನೋಡುವ ಆಸೆ. ಅವತ್ತು ಬಂಡಪಲ್ಲಿಯ ಕುರಿ ಕಾಯುವವನೊಬ್ಬ ಬೊಬ್ಬೆ ಒಡೆಸಿಕೊಂಡು ಬಂದಿದ್ದ. ಹೊನ್ನಕ್ಕ ಅವನನ್ನು ಮೆಟ್ಟಿಲ ಮೇಲೆ ಕೂರಿಸಿ, ಯಾವತ್ತಿನಂತೆ ಹಿಮ್ಮಡಿ ಹಿಡಿದು ಕಾಲನ್ನು ನೀರಿಗೆ ಇಳಿಸಿದಳು. ಬಿಳಿಯ ಹಾಲು ಹೊರಬಂದು ನೀರಿನಲ್ಲಿ ಹರಡಿತು.

ಡಾಕ್ಟರು ಕೂಗಿಕೊಂಡ. ಬೂಟು ಹಾಕಿದ ಕಾಲಲ್ಲೇ ದಡದಡ ಇಳಿದು ಬಂದು ಕುರಿಯವನ ಕಾಲನ್ನು ನೀರಿನಿಂದ ಎತ್ತಿ ಹಿಡಿದ. ಕುರಿಯವನು ತನ್ನನ್ನು ಬಾವಿಗೆ ನೂಕುತ್ತಾನೆಂದು ತಿಳಿದು "ಅಯ್ಯೋ, ಸಂಪೇಸ್ತಾಡು, ಕೊಲ್ತಾನೆ" ಎಂದು ಎರಡು ಭಾಷೆಯಲ್ಲೂ ಅರಚಿದ. ಡಾಕ್ಟರು ಆ ಹಾಲು ಕಲೆತ ನೀರನ್ನು ಗಾಜಿನ ಲೋಟದಲ್ಲಿ ಮೊಗೆದುಕೊಂಡು ಮೇಲೆ ಹತ್ತಿ ಹೋಗಿ, ಗಾಡಿಯ ಹಲಗೆಯ ಮೇಲೆ ಹಿತ್ತಾಳೆಯ ನಳಿಗೆಯೊಂದನ್ನು ನಿಲ್ಲಿಸಿ, ಅದರಡಿ ಒಂದು ತೊಟ್ಟು ಬಿಟ್ಟು ಹೊನ್ನಕ್ಕನನ್ನು ಕೈಸನ್ನೆ ಮಾಡಿ ಕರೆದ.

ಅವಳು ಒಂದು ಕಣ್ಣು ಮುಚ್ಚಿ ನೋಡಿದಳು. ಬೆಳಕಿನ ಬಟ್ಟಲಿನಲ್ಲಿ ನೂರಾರು ಎಳೆ ಹುಳಗಳು ಸುರುಳಿ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿ ಮಿಲಮಿಲ ಎನ್ನುತ್ತಿದ್ದವು.

"ಏನು ಸ್ವಾಮಿ ಇವು?"

"ಮರಿಗಳು ಕಣಮ್ಮ" ಎಂದ ಜಂಬುಲಿಂಗಪ್ಪ. "ನಾರಿನ ಮರಿಗಳು. ನೀನು ಹಾಲು ಅಂತೀಯಲ್ಲ, ಅದು ಹಾಲಲ್ಲ. ತಣ್ಣೀರು ಸೋಕಿದ್ರೆ ನಾರು ಮರಿ ಹಾಕುತ್ತೆ. ನೀರಲ್ಲಿ ಕಣ್ಣಿಗೆ ಕಂಡೂ ಕಾಣದ ಚಿಗಟದಂಥವು ಇರ್ತವೆ, ಅವು ಈ ಮರಿಗಳನ್ನ ನುಂಗ್ತವೆ. ಆ ನೀರನ್ನ ನೀವು ಕುಡೀತೀರಿ. ಹೊಟ್ಟೆಗೆ ಹೋದದ್ದು ಒಳಗೇ ಬೆಳೆದು ವರ್ಷಕ್ಕೆ ಸರಿಯಾಗಿ ಕಾಲಲ್ಲಿ ಹೊರಗೆ ಬರುತ್ತೆ."

"ವರ್ಷ ಹಿಡೀತೈತಾ?"

"ಸರಿಯಾಗಿ ಒಂದು ವರ್ಷ."

ಹೊನ್ನಕ್ಕ ನಳಿಗೆಯಿಂದ ಕಣ್ಣು ತೆಗೆದು ಬಾವಿಯ ಕಡೆ ನೋಡಿದಳು. ಸೂರಮ್ಮ ಸತ್ತ ಬೇಸಿಗೆಯಿಂದ ಒಂದು ವರ್ಷ ಮನಸ್ಸಿನಲ್ಲೇ ಹಿಂದಕ್ಕೆ ಹೋದಳು. ಆ ವರ್ಷ ಬಂಡಪಲ್ಲಿಯ ಪಾತಮ್ಮ ತನ್ನ ಮಗ ದಾಸಣ್ಣನನ್ನು ಹೊತ್ತುಕೊಂಡು ಬಂದಿದ್ದಳು, ಎರಡು ಕಾಲಲ್ಲೂ ನಾರು. ಯುಗಾದಿ ಹಬ್ಬದ ಮಾರನೆಯ ದಿನದಿಂದ ಒಂಬತ್ತು ದಿನ ಹೊನ್ನಕ್ಕ ಅವನನ್ನು ಈ ಮೆಟ್ಟಿಲ ಮೇಲೆ ಕೂರಿಸಿ ಎರಡೂ ಕಾಲನ್ನು ಅದ್ದಿದ್ದಳು. ಪಕ್ಕದಲ್ಲೇ ಸೂರಮ್ಮ ಕೊಡ ತುಂಬಿಕೊಳ್ಳುತ್ತ ಅವನನ್ನು ರೇಗಿಸುತ್ತಿದ್ದಳು. ಬಾಯಾರಿದಾಗ ಬೊಗಸೆಯಲ್ಲಿ ಅಲ್ಲೇ ಕುಡಿದಿದ್ದಳು.

ಹತ್ತು ವರ್ಷ ಅವಳು ಬೆರಳನ್ನು ಬೈದುಕೊಂಡಿದ್ದಳು. ಬೆರಳು ತಪ್ಪಿದ್ದು ಹೌದು, ಆದರೆ ಅದು ಕೊನೆಯ ತಪ್ಪು. ಮಗಳ ಮೈಯೊಳಗೆ ಹುಳ ಹೋಗುವುದಕ್ಕೆ ದಾರಿ ಮಾಡಿದ್ದು ಬೆರಳು ತಪ್ಪದೆ ಮಾಡಿದ ಕೆಲಸ. ಸೂರಮ್ಮನಿಗೆ ಒಬ್ಬಳಿಗೇ ಅಲ್ಲ. ಬೇಸಿಗೆ ಬೇಸಿಗೆಗೂ ಅವಳು ಈ ವರ್ಷದವರ ಕಾಲಿನಿಂದ ತೆಗೆದು ಮುಂದಿನ ವರ್ಷದವರ ಕೊಡಕ್ಕೆ ಹಾಕುತ್ತಿದ್ದಳು. ಇಷ್ಟೂ ತಿಳಿದ ಮೇಲೆ ಎದೆ ಒಡೆಯಬೇಕಿತ್ತು. ಅವಳಿಗೆ ಏನೂ ಅನ್ನಿಸಲಿಲ್ಲ. ಏನೂ ಅನ್ನಿಸುತ್ತಿಲ್ಲವಲ್ಲ ಎಂದು ಹೆದರಿಕೆ ಮಾತ್ರ ಆಯಿತು.

ಜಂಬುಲಿಂಗಪ್ಪ ಸುತ್ತ ನೋಡಿ ದನಿ ತಗ್ಗಿಸಿದ. "ನೋಡಮ್ಮ, ನಾಳೆ ಎರಡು ಊರೂ ಸೇರುತ್ತೆ. ನೀರು ಕೆಟ್ಟಿದೆ, ಮೆಟ್ಟಿಲು ಮುಚ್ಚೋಣ ಅಂತ ಅಷ್ಟೇ ಹೇಳು. ಈ ಅದ್ದೋ ವಿಷಯ ಎತ್ತಬೇಡ. ಜನ ಸುಮ್ಮನೆ ಬಿಡೋದಿಲ್ಲ."

ಮನೆಗೆ ಬಂದು ಗಂಡನಿಗೆ ಎಲ್ಲವನ್ನೂ ಹೇಳಿದಳು. ಯರ್ರಪ್ಪ ಹೊಸೆಯುತ್ತಿದ್ದ ಹಗ್ಗವನ್ನು ಪಕ್ಕಕ್ಕಿಟ್ಟ.

"ಬಾಯಿ ಮುಚ್ಕಂಡಿರು" ಎಂದ. "ನಮಗೆ ಮಕ್ಕಳಿಲ್ಲ, ಮರಿಯಿಲ್ಲ. ಈ ಊರಾಗೆ ನಮಗೆ ಒಂದು ಹೆಸರು ಅಂತ ಇರೋದು ನಿನ್ನ ಕೈದೇ. ಅದನ್ನೂ ಕಳ್ಕಂಡು ಎಲ್ಲಿಗೆ ಹೋಗಾನ?"

ಮಾರನೆಯ ದಿನ ಬಿಸಿಲೇರುವ ಮೊದಲೇ ಬಾವಿಯ ಹತ್ತಿರದ ಬೇವಿನ ಮರದಡಿ ಜನ ಸೇರಿದರು. ಈಚೆ ಗಡಿಹಟ್ಟಿ, ಆಚೆ ಬಂಡಪಲ್ಲಿ, ನಡುವೆ ಮೂರು ಕುರ್ಚಿ. ಅಧಿಕಾರಿಗಳು ಅಚ್ಚುಕಟ್ಟಾಗಿ ಮಾತಾಡಿದರು, ಜನ ಅಚ್ಚುಕಟ್ಟಾಗಿ ಕಿವಿ ಮುಚ್ಚಿಕೊಂಡರು. ಡಾಕ್ಟರು ನಳಿಗೆ ತೋರಿಸಿದರೆ, ಅದರೊಳಗೇ ಹುಳ ಇಟ್ಟುಕೊಂಡು ಬಂದಿದ್ದಾನೆ ಎಂದರು. ಮದುಮಗಳು ಪಾದ ಎಲ್ಲಿ ಅದ್ದಬೇಕು ಎಂದು ಒಬ್ಬ ಮುದುಕಿ ಕೇಳಿದಳು. ಆಗ ಬಂಡಪಲ್ಲಿಯ ಕಡೆಯಿಂದ ಪಾತಮ್ಮ ಎದ್ದಳು. ಅವಳ ಗಂಡ ಇದ್ದಾಗ ಊರ ಯಜಮಾನ, ಅವನು ಹೋದ ಮೇಲೂ ಊರು ಅವಳ ಮಾತನ್ನು ಮೀರುತ್ತಿರಲಿಲ್ಲ.

"ಹೊನ್ನಕ್ಕ ಚೆಪ್ತೇ ವಿಂಟಾಮು" ಎಂದಳು. ಹೊನ್ನಕ್ಕ ಹೇಳಿದರೆ ಕೇಳುತ್ತೇವೆ.

ಹೊನ್ನಕ್ಕ ಎದ್ದು ನಿಂತಳು. "ಮುಚ್ಚಾನ" ಎಂದಳು. "ಎರಡು ಕಡೆ ಮೆಟ್ಟಿಲೂ ಮುಚ್ಚಾನ. ನಾರು ನೀರಿಂದ್ಲೇ ಬರೋದು."

"ನಮ್ಮ ತಾತ ಮುತ್ತಾತ ಕುಡಿದ ನೀರು. ಯಾರು ಕೆಡಿಸಿದ್ರು ಅದನ್ನ?" ಪಾತಮ್ಮನ ದನಿ ಏರಿತು. "ನಿಮ್ಮೋರಾ, ನಮ್ಮೋರಾ?"

ಗುಜುಗುಜು ಶುರುವಾಯಿತು. ನಿಮ್ಮ ದನ ಇಳಿಯುತ್ತವೆ, ನಿಮ್ಮ ಕುರಿ ಇಳಿಯುತ್ತವೆ ಎಂದು ಎರಡೂ ಕಡೆ ಕೈ ಮೇಲೆದ್ದವು. ಜಂಬುಲಿಂಗಪ್ಪ ಹೊನ್ನಕ್ಕನ ಕಡೆ ನೋಡಿ, ಬೇಡ ಎಂದು ಕಣ್ಣಲ್ಲೇ ಹೇಳಿದ. ಯರ್ರಪ್ಪ ತಲೆ ತಗ್ಗಿಸಿ ನೆಲ ಗೀರುತ್ತಿದ್ದ. ಸುಮ್ಮನಿದ್ದರೆ ಹೆಸರು ಉಳಿಯುತ್ತದೆ, ಜಗಳ ಹತ್ತುತ್ತದೆ, ಬಾವಿ ಇದ್ದ ಹಾಗೇ ಇರುತ್ತದೆ. ಅವಳಿಗೆ ಇದು ಯಾರದೋ ಮನೆಯ ವ್ಯವಹಾರ ಎನ್ನುವಷ್ಟು ನಿಚ್ಚಳವಾಗಿ ಕಂಡಿತು.

"ನಾನು ಕೆಡಿಸಿದ್ದು" ಎಂದಳು.

ಯಾರಿಗೂ ಅರ್ಥವಾಗಲಿಲ್ಲ. ಅವಳು ಇನ್ನೊಮ್ಮೆ ಹೇಳಿದಳು. ಹಾಲು ಎಂದದ್ದು ಹಾಲಲ್ಲ, ಮರಿ. ಕಾಲು ಅದ್ದಿಸಿದ್ದು ತಾನು, ಅದಕ್ಕೆ ಮೊದಲು ತನ್ನ ಅತ್ತೆ. ಒಬ್ಬರ ಕಾಲಿಂದ ತೆಗೆದು ನೂರು ಜನರ ಬಾಯಿಗೆ ಹಾಕಿದ್ದು. ಸಂತೆಯಲ್ಲಿ ಕಾಳಿನ ಧಾರಣೆ ಹೇಳುವವಳಂತೆ ಹೇಳಿದಳು, ದನಿ ಒಂದಿಷ್ಟೂ ನಡುಗಲಿಲ್ಲ. ಅದನ್ನು ಕಂಡು ಜನರಿಗೆ ಮೈ ಉರಿಯಿತು. "ಎಷ್ಟು ಕಲ್ಲೆದೆ ನೋಡ್ರಲೇ ಇವಳ್ದು!" ಎಂದು ಜಂಪಣ್ಣನೇ ಕೂಗಿದ. ಯಾರೋ ಉಗಿದರು. ಹಿಂದಿನಿಂದ ಒಂದು ಮಣ್ಣಿನ ಹೆಂಟೆ ಬಂದು ಅವಳ ಭುಜಕ್ಕೆ ಬಡಿದು ಪುಡಿಯಾಯಿತು. ಅವಳು ಕೊಡವಿಕೊಳ್ಳಲೂ ಇಲ್ಲ.

ಪಾತಮ್ಮ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿ ಹತ್ತಿರ ಬಂದಳು.

"ನಮ್ಮ ದಾಸಣ್ಣನ್ನ ಅದ್ದಿದ್ದು ಯಾವ ವರ್ಷ?"

"ಸೂರಮ್ಮ ಹೋದಳಲ್ಲ, ಅದರ ಹಿಂದಿನ ಬ್ಯಾಸಿಗೆ."

ಪಾತಮ್ಮ ಬಾವಿಯ ಕಡೆ ತಿರುಗಿದಳು. "ಅಂದ್ರೆ... ನನ್ನ ಮಗನ ಕಾಲಿಂದ..."

"ನಿನ್ನ ಮಗನ ಕಾಲು ತಾನಾಗಿ ನೀರಿಗೆ ಬರ್ಲಿಲ್ಲ ಪಾತಕ್ಕ. ನಾನು ಹಿಡಿದು ಇಟ್ಟೆ."

ಪಾತಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅಲ್ಲೇ ಕುಸಿದು ಕೂತು ಅತ್ತಳು. ಅವಳ ಮಗ ಬದುಕಿದ್ದ, ಅವನಿಗೆ ಎರಡು ಮಕ್ಕಳಾಗಿದ್ದವು, ಮಗಳನ್ನು ಕಳೆದುಕೊಂಡವಳ ಎದುರು ಆ ಮಾತು ಬಾಯಿಗೆ ಬರುವ ಹಾಗಿರಲಿಲ್ಲ. ಸ್ವಲ್ಪ ಹೊತ್ತಿಗೆ ಎದ್ದು ಕುರ್ಚಿಯ ಹತ್ತಿರ ಹೋಗಿ, ಕಂಪನಿಯ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿ, "ಕಾನೀಂಡಿ" ಎಂದಳು, ಆಗಲಿ. ಅವಳ ಹಿಂದೆ ಬಂಡಪಲ್ಲಿ ಬಂತು. ಅವರು ಒತ್ತಿದ ಮೇಲೆ ಗಡಿಹಟ್ಟಿ ಹಿಂದೆ ಉಳಿಯುವುದುಂಟೇ, ನುಗ್ಗಿ ನುಗ್ಗಿ ಒತ್ತಿದರು.

ಮಳೆಗೆ ಮೊದಲು ಕೆಲಸ ಮುಗಿಯಿತು. ಎರಡು ಕಡೆಯ ಮೆಟ್ಟಿಲಿಗೂ ಕಲ್ಲು ಮಣ್ಣು ತುಂಬಿದರು, ಗೋಡೆ ಎದ್ದಿತು, ನಾಲ್ಕು ರಾಟೆ ಬಂದವು. ಮದುಮಗಳ ಪಾದದ ಪ್ರಶ್ನೆಗೆ ಹೆಂಗಸರೇ ಉತ್ತರ ಹುಡುಕಿದರು: ಸೇದಿದ ನೀರನ್ನು ಗೋಡೆಯಾಚೆ ಬಂಡೆಯ ಮೇಲೆ ಹೊಯ್ದು ಪಾದ ತೋಯಿಸಿದರು, ಗಂಗೆ ಸಿಟ್ಟಾಗಲಿಲ್ಲ. ಕೆಂಪು ಮುಖದ ಡಾಕ್ಟರು ಮುಂದಿನ ಬಾವಿಗೆ ಗಾಡಿ ಕಟ್ಟಿಸಿದ. ಮುಂದೆ ಅವನ ಕಡೆಯ ದೇಶಗಳಲ್ಲಿ ಯುದ್ಧ ಹತ್ತಿತು, ಅವನು ಊರಿಗೆ ಹೋದ ಎಂದು ಸುದ್ದಿ ಬಂತು.

ಮೊದಲ ಬೇಸಿಗೆ ಸುಲಭವಾಗಿರಲಿಲ್ಲ. ಬಾವಿ ಮುಚ್ಚುವ ಮೊದಲೇ ಕುಡಿದವರ ಕಾಲಲ್ಲಿ ಲೆಕ್ಕದಂತೆ ನಾರು ಬಂತು, ಇಪ್ಪತ್ತಾರು ಜನ. ಬಾವಿಯೂ ಹೋಯಿತು, ನಾರೂ ಹೋಗಲಿಲ್ಲ ಎಂದು ಬಾಯಿಗೆ ಬಂದಂತೆ ಬೈಯುತ್ತಲೇ ಅವಳ ಬಾಗಿಲಿಗೆ ಬಂದರು. ಬೇರೆ ಎಲ್ಲಿಗೆ ಹೋದಾರು? ಹೊನ್ನಕ್ಕ ಮಡಕೆಯಲ್ಲಿ ನೀರಿಟ್ಟು ಕಾಲು ಅದ್ದಿಸಿ, ಆ ನೀರನ್ನು ಊರಾಚೆಯ ಸುಡುವ ಬಂಡೆಯ ಮೇಲೆ ಚೆಲ್ಲಿ, ಅದು ಆರಿ ಹೋಗುವವರೆಗೂ ಅಲ್ಲೇ ನಿಂತಿದ್ದು ಬರುತ್ತಿದ್ದಳು. ಇಪ್ಪತ್ತಾರರಲ್ಲಿ ಒಂದೂ ಕಿತ್ತಲಿಲ್ಲ.

ಎರಡನೆಯ ಬೇಸಿಗೆ ಯುಗಾದಿ ಕಳೆಯಿತು. ಹೊನ್ನಕ್ಕ ಬೆಳಗಾದರೆ ಜಗಲಿಯ ಮೇಲೆ ಬಂದು ಕೂರುತ್ತಿದ್ದಳು. ಒಂದು ವಾರ, ಎರಡು ವಾರ, ತಿಂಗಳು. ದಾರಿಯಲ್ಲಿ ಜನ ಓಡಾಡುತ್ತಿದ್ದರು, ಎಲ್ಲರೂ ಎರಡು ಕಾಲಲ್ಲಿ ನೆಟ್ಟಗೆ ನಡೆಯುತ್ತಿದ್ದರು. ಕೊಡ ಹೊತ್ತ ಸೂರಮ್ಮನ ವಯಸ್ಸಿನ ಹುಡುಗಿಯರು ಕಿಸಿಕಿಸಿ ನಗುತ್ತ ಹೋಗುತ್ತಿದ್ದರು. ಬಂಡಪಲ್ಲಿಯ ಕಡೆಯಿಂದಲೂ ಯಾರೂ ಕುಂಟಿಕೊಂಡು ಬರಲಿಲ್ಲ.

ಒಂದು ಮಧ್ಯಾಹ್ನ ಯರ್ರಪ್ಪ ಹೊರಗೆ ಬಂದು ಪಕ್ಕದಲ್ಲಿ ಕೂತ.

"ಯಾರ ದಾರಿ ಕಾಯ್ತಿದ್ದೀಯ?" ಎಂದ. "ಯಾರೂ ಬರಲ್ಲ ಕಣೆ. ನಾರು ಹೋತು. ಇನ್ನ ಖುಷಿಪಡು."

"ಬರಲ್ವಾ?"

"ಬರಲ್ಲ. ಜಂಪಣ್ಣನೂ ಅಂದ, ಎರಡೂರಾಗೂ ಒಬ್ಬರಿಗೂ ಇಲ್ವಂತೆ."

ಹೊನ್ನಕ್ಕ ತನ್ನ ಅಂಗೈಗಳನ್ನು ನೋಡಿಕೊಂಡಳು.

"ಇಷ್ಟೇನಾ?" ಎಂದಳು. "ಒಂದು ಗ್ವಾಡೆ, ನಾಕು ರಾಟೆ. ಇಷ್ಟೇನಾ ಬೇಕಾಗಿದ್ದು ನನ್ನ ಮಗಳು ಉಳಿಯಾಕೆ?"

ಯರ್ರಪ್ಪ ಮುಖವನ್ನು ಟವೆಲಿನಲ್ಲಿ ಮುಚ್ಚಿಕೊಂಡು ಮಗುವಿನ ಹಾಗೆ ಅತ್ತ. ಅವಳು ಅವನ ಬೆನ್ನ ಮೇಲೆ ಕೈ ಇಟ್ಟಳು. ತನಗೂ ಅಳು ಬರಬಹುದು ಎಂದು ಕಾದಳು. ಬರಲಿಲ್ಲ. ಅವನು ಅತ್ತು ಮುಗಿಸುವವರೆಗೂ ಹಾಗೇ ಕೂತಿದ್ದು, ಆಮೇಲೆ ಮುದ್ದೆಗೆ ಎಸರಿಡಲು ಎದ್ದು ಒಳಗೆ ಹೋದಳು.